ನೀರು ಕೇಳಿದವನಿಗೊಂದು ಎಲೆ

ನಿಟ್ಟೂರು
11 ಮಾರ್ಚ್ 2024

ಮುತ್ತುರಾಜ್ ಅವರಿಗೆ,

ನಾನು ನೇತ್ರಾವತಿ, ಅಶ್ವಥ್‌ನ ಅಕ್ಕ. ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ. ನಿಮ್ಮ ಫೋನ್ ನಂಬರು ಸಿಕ್ಕಿತ್ತು. ಎರಡು ಸಲ ಒತ್ತಿ ಕಟ್ ಮಾಡಿದೆ. ನನಗೆ ಫೋನಿನಲ್ಲಿ ಮಾತು ಹೊರಡುವುದಿಲ್ಲ. ದಿನಾ ನೋಟ್ ಬುಕ್ಕಿನಲ್ಲಿ ನಾಲ್ಕು ಸಾಲು ಬರೆದುಕೊಳ್ಳುವ ಅಭ್ಯಾಸವಿದೆ. ಹಾಗಾಗಿ ಕಾಗದವೇ ಸರಿ ಅನ್ನಿಸಿತು.

ಅಪ್ಪನಿಗೆ ಎಪ್ಪತ್ತೆರಡಾಯಿತು. ರೈಲ್ವೆ ಗ್ಯಾಂಗಿನಲ್ಲಿ ದುಡಿದ ಮೈ, ಈಗಲೂ ಬೆಳಗ್ಗೆ ಹಳಿಯ ಪಕ್ಕ ಒಂದು ಮೈಲಿ ನಡೆದು ಬರುತ್ತಾರೆ. ಆಗಸ್ಟ್ ಹದಿನೈದಕ್ಕೆ ಶಾಲೆಯವರು ಕರೆಯುತ್ತಾರೆ. ಅಪ್ಪ ಮೈಕು ಹಿಡಿದು ಪ್ರತಿ ವರ್ಷ ಒಂದೇ ಮಾತು ಹೇಳಿ ಇಳಿಯುತ್ತಾರೆ. "ನನ್ ಮಗ ಗುಂಡಿಗೆ ಎದೆ ಕೊಟ್ಟು ಸತ್ತ." ಗಡಿಯಿಂದ ಅಶ್ವಥ್‌ನ ಹೆಣದ ಪೆಟ್ಟಿಗೆಯ ಜೊತೆ ಬಂದ ದಿನ ನೀವು ನಮ್ಮ ಜಗಲಿಯಲ್ಲಿ ನಿಂತು ಅಪ್ಪನಿಗೆ ಹೇಳಿದ ಮಾತು ಅದು.

ಬರೆಯಲು ಕಾರಣ ಇದು. ನಾನು ಅಂತರಸನಹಳ್ಳಿಯ ಒಂದು ಸಣ್ಣ ಗಾರ್ಮೆಂಟ್ಸ್‌ನಲ್ಲಿ ಶಾಲೆ ಯೂನಿಫಾರಂ ಹೊಲಿಯುತ್ತೇನೆ. ಹೋದ ತಿಂಗಳು ಒಂದು ಸಿನಿಮಾದ ಆರ್ಡರ್ ಬಂತು. ಡೈರೆಕ್ಟರ್ ಮಲ್ಲಿಕಾರ್ಜುನ್ ಅಂತ, ತುಮಕೂರಿನವನೇ, ಇದೇ ಮೊದಲನೇ ಸಿನಿಮಾ. ಯುದ್ಧದ ಕಥೆ. ನಮ್ಮವನೊಬ್ಬ, ಆ ಕಡೆಯವನೊಬ್ಬ ಒಂದೇ ಕೊರಕಲಿಗೆ ಬೀಳುತ್ತಾರೆ. ಮೊದಲು ಒಬ್ಬರನ್ನೊಬ್ಬರು ಕೊಲ್ಲಲು ಹೋಗಿ, ಆಮೇಲೆ ಒಂದೇ ಬಾಟಲಿಯ ನೀರು ಕುಡಿದು ಬದುಕುತ್ತಾರೆ. ಇಪ್ಪತ್ತು ಯೂನಿಫಾರಂ ನಮ್ಮ ಕಡೆಯದು, ಇಪ್ಪತ್ತು ಅವರದು. "ಅಳತೆ ಒಂದೇ ಇರ್ಲಿ ಮೇಡಂ, ಬಟ್ಟೆ ಬೇರೆ ಹಾಕಿದ್ರೆ ಸಾಕು" ಅಂದ. ಕಟಿಂಗ್ ಮಾಸ್ಟರ್ ವೆಂಕಟಯ್ಯ ಎರಡೂ ಬಟ್ಟೆ ಒಂದರ ಮೇಲೊಂದು ಹಾಸಿ ಮಷಿನ್ ಓಡಿಸಿದ. "ನೋಡವ್ವ, ಒಂದೇ ಏಟ್ಗೆ ಎಲ್ಡೂ ದೇಶ ಕುಯ್ದಾಕ್ದೆ" ಅಂತ ನಕ್ಕ.

ಗುಂಡಿನ ತೂತು ಮಾಡುವ ಕೆಲಸ ನನಗೆ ಬಂತು. ಊದುಬತ್ತಿಯಿಂದ ಸುಟ್ಟು, ತಂತಿ ಬ್ರಷ್ಷಿನಿಂದ ಉಜ್ಜಿ, ಟೀ ಡಿಕಾಕ್ಷನ್ ಬಳಿಯಬೇಕು. ಎಲ್ಲ ತೂತೂ ಎದೆಯಲ್ಲೇ ಇರಲಿ ಅಂತ ಡೈರೆಕ್ಟರ್ ಅಂದಿದ್ದಾನೆ.

ಆರ್ಡರ್ ಪಟ್ಟಿಯಲ್ಲಿ ಹಿಮದಲ್ಲಿ ಹಾಕುವ ಒಂದು ಬಿಳಿ ಕೋಟೂ ಇತ್ತು. ಪಕ್ಕದಲ್ಲಿ "ನಮ್ಮ ಸೈನಿಕ ಬಿಚ್ಚಿ ಗಾಯಗೊಂಡ ಎದುರಾಳಿಗೆ ಹೊದಿಸುತ್ತಾನೆ" ಅಂತ ಬರೆದಿತ್ತು. ಇದು ನಡೆದದ್ದೋ ಕಟ್ಟಿದ್ದೋ ಅಂತ ಅವನನ್ನು ಕೇಳಿದೆ. "ನಡೆದಿದ್ದೇ ಮೇಡಂ. ಕುಣಿಗಲ್‌ನಲ್ಲಿ ಮುತ್ತುರಾಜ್ ಅಂತ ಮಿಲಿಟರಿಯೋರು ಒಬ್ರು ಅವ್ರೆ. ಕಣ್ಣಾರೆ ಕಂಡಿದ್ದು ಅಂದ್ರು. ಇಬ್ರೂ ಉಳ್ಕೊಂಡ್ರಂತೆ."

ನೀವು ಕಂಡದ್ದು ಯಾರನ್ನು? ಹನ್ನೊಂದು ವರ್ಷ ನೀವು, ಅಶ್ವಥ್ ಒಂದೇ ಕಡೆ ಇದ್ದಿರಿ. ಕೋಟು ಬಿಚ್ಚಿ ಹೊದಿಸುವುದು ಅವನು ಮಾಡುವಂಥದ್ದೇ. ಆದರೆ ಅವನು ಉಳಿಯಲಿಲ್ಲವಲ್ಲ.

ನೀವು ಅವತ್ತು ತಂದುಕೊಟ್ಟ ಅವನ ಟ್ರಂಕು ಅಟ್ಟದ ಮೇಲೆ ಹಾಗೇ ಇದೆ. ಸತ್ತವರ ಬಟ್ಟೆ ಮನೆಯಲ್ಲಿ ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಕೊಡಲು ಮನಸ್ಸಾಗಲಿಲ್ಲ, ತೆರೆಯಲು ಧೈರ್ಯವಾಗಲಿಲ್ಲ. ಅವನು ಹೋಗಿ ನೀವು ಉಳಿದಿರಿ ಅನ್ನುವುದನ್ನು ನನ್ನಿಂದ ತಡೆದುಕೊಳ್ಳಲಾಗದೆ ಕಾಗದ ನಿಲ್ಲಿಸಿದೆ. ಅದು ತಪ್ಪೇ. ಆದರೂ ಹಾಗೇ ಅನ್ನಿಸಿತ್ತು.

ಉತ್ತರ ಬರೆಯಿರಿ.

ನೇತ್ರಾವತಿ

•

ಕುಣಿಗಲ್
2 ಏಪ್ರಿಲ್ 2024

ಅಕ್ಕನಿಗೆ ಮುತ್ತುರಾಜ್ ಮಾಡುವ ನಮಸ್ಕಾರ.

ನಿಮ್ಮ ಕಾಗದ ಬಂದು ಎರಡು ವಾರವಾಯಿತು. ಮಿಲ್ಲಿನ ಕಿಟಕಿಯಲ್ಲಿಟ್ಟಿದ್ದೆ, ರಾಗಿ ಹಿಟ್ಟು ಕೂತಿದೆ. ಹೋದ ವರ್ಷ ಸರ್ವೀಸ್ ಮುಗಿಸಿ ಬಂದೆ. ಬ್ಯಾಂಕಿನಲ್ಲಿ ಗನ್‌ಮ್ಯಾನ್ ಕೆಲಸ ಇದೆ ಅಂದರು. ಬೇಡವೆಂದು ಹಿಟ್ಟಿನ ಮಿಲ್ಲು ಹಾಕಿಕೊಂಡೆ. ಮಷಿನ್ ತಿರುಗುವಾಗ ಬೇರೆ ಏನೂ ಕೇಳಿಸುವುದಿಲ್ಲ.

ನೀವು ನನ್ನನ್ನು ಬಹುವಚನದಲ್ಲಿ ಕರೆದಿದ್ದೀರಿ. ಮುಂಚೆ ಅವನಿಗೆ ಬರೆದ ಕಾಗದದ ಕೊನೆಯಲ್ಲಿ ನನಗೂ ಎರಡು ಸಾಲು ಇರುತ್ತಿತ್ತು. "ಏನ್ಲಾ ಮುತ್ತ, ಅವ್ನಿಗೆ ಹೊಟ್ಟೆ ತುಂಬ ಉಣ್ಣಾಕೇಳ್ಲಾ" ಅಂತ. ಅವನು ಅದನ್ನು ಎಲ್ಲರಿಗೂ ಓದಿ ಹೇಳುತ್ತಿದ್ದ.

ಟ್ರಂಕು ತೆರೆದಿಲ್ಲ ಅಂತ ಬರೆದಿದ್ದೀರಿ. ಆ ಸಾಲನ್ನೇ ಎಷ್ಟೋ ಸಲ ಓದಿದೆ. ಅದರ ತಳದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ನೀವು ಹೆಣೆದ ಸ್ವೆಟರ್ ಇದೆ. ಕೊನೆಯ ದಿನ ಅವನ ಮೈಮೇಲಿದ್ದದ್ದು, ಸುಡಬೇಕಾಗಿದ್ದ ಬಟ್ಟೆ. ಸುಡದೆ ನಾನೇ ಇಟ್ಟೆ. ನನ್ನ ಬಾಯಲ್ಲಿ ಹೇಳಲಾಗದ್ದು ಅದರಲ್ಲಿತ್ತು. ನೀವು ಬಟ್ಟೆಯ ಕೆಲಸದವರು, ನೋಡಿದರೆ ತಿಳಿಯುತ್ತದೆ ಅಂದುಕೊಂಡೆ. ನಿಮ್ಮ ಕಾಗದ ನಿಂತಾಗ ನೋಡಿದ್ದೀರಿ, ತಿಳಿದಿದ್ದೀರಿ ಅಂದುಕೊಂಡೆ. ಆರು ವರ್ಷ ಹಾಗೇ ಅಂದುಕೊಂಡು ಬದುಕಿದ್ದೇನೆ.

ಈಗ ಕೈಮುಗಿದು ಕೇಳುತ್ತೇನೆ, ತೆರೆಯಬೇಡಿ. ಅದನ್ನು ಹಾಗೇ ಹೊಳೆಗೆ ಬಿಟ್ಟುಬಿಡಿ. ಸಿನಿಮಾದವನಿಗೆ ನಾನು ಅಶ್ವಥ್ ಹೆಸರು ಹೇಳಿಲ್ಲ, ಹೇಳುವುದೂ ಇಲ್ಲ.

ಮುತ್ತುರಾಜ್

•

ನಿಟ್ಟೂರು
15 ಏಪ್ರಿಲ್ 2024

ಮುತ್ತುರಾಜ್ ಅವರಿಗೆ,

ನಿನ್ನೆ ಭಾನುವಾರ ಅಪ್ಪ ಹಳಿಯ ಕಡೆ ಹೋದ ಮೇಲೆ ಟ್ರಂಕು ಇಳಿಸಿದೆ.

ಕವರ್ ಬಿಚ್ಚಿದಾಗ ಏನೂ ವಾಸನೆ ಬರಲಿಲ್ಲ. ರಕ್ತ ಒಣಗಿ ಉಲ್ಲನ್ ತಗಡಿನ ಹಾಗಾಗಿತ್ತು. ಮಡಿಕೆ ಬಿಡಿಸುವಾಗ ಪುಡಿ ಉದುರಿತು. ಅದನ್ನು ಗುಡಿಸಲು ಮನಸ್ಸಾಗದೆ ಸೆರಗಿನಲ್ಲಿ ಒರೆಸಿಕೊಂಡೆ.

ಬೆನ್ನಿನ ಎಡಗಡೆ, ರೆಕ್ಕೆ ಮೂಳೆಯ ಕೆಳಗೆ ಒಂದು ತೂತಿದೆ. ನನ್ನ ಕಿರುಬೆರಳು ಹೋಗುತ್ತದೆ. ಅಲ್ಲಿ ಹರಿದ ಎಳೆಗಳ ತುದಿಗಳೆಲ್ಲ ಒಳಮುಖವಾಗಿವೆ. ಎದೆಯ ಕಡೆ ಅಂಗೈ ಅಗಲ ಹರಿದಿದೆ. ಅಲ್ಲಿ ಎಳೆಗಳು ಹೊರಕ್ಕೆ ಚಾಚಿಕೊಂಡಿವೆ. ಇಪ್ಪತ್ತನಾಲ್ಕು ವರ್ಷದಿಂದ ಬಟ್ಟೆಯ ಜೊತೆ ಇದ್ದೇನೆ, ಈಗ ತಿಂಗಳಿಂದ ತೂತು ಮಾಡುವ ಕೆಲಸವನ್ನೇ ಮಾಡುತ್ತಿದ್ದೇನೆ. ಗುಂಡು ಬೆನ್ನಿನಲ್ಲಿ ಹೊಕ್ಕು ಎದೆಯಲ್ಲಿ ಹೊರಟಿದೆ.

ನೀವು ಅಪ್ಪನಿಗೆ ಹೇಳಿದ್ದು ಸುಳ್ಳು.

ಒಂದೇ ಒಂದು ಮಾತು ಕೇಳುತ್ತೇನೆ. ನನ್ನ ತಮ್ಮ ಓಡುತ್ತಿದ್ದನೇ? ಹೌದು ಅಂದರೂ ನಾನು ತಡೆದುಕೊಳ್ಳುತ್ತೇನೆ. ಚಿಕ್ಕವನಿದ್ದಾಗ ಹೋರಿ ಕಂಡರೆ ನನ್ನ ಲಂಗ ಹಿಡಿದುಕೊಂಡು ಹಿಂದೆ ನಿಲ್ಲುತ್ತಿದ್ದ. ಹೆದರಿಕೊಂಡಿದ್ದರೆ ಹೆದರಿಕೊಂಡಿರಲಿ. ಅಮ್ಮ ಹೋದ ಮೇಲೆ ನಾನೇ ಸಾಕಿದವನು, ನನ್ನ ಕಣ್ಣಿಗೆ ಅದರಿಂದ ಅವನು ಚಿಕ್ಕವನಾಗುವುದಿಲ್ಲ. ಅಪ್ಪನಿಗೆ ಮಾತ್ರ ಹೇಳುವುದಿಲ್ಲ. ಅವರು ಆ ಎದೆಯ ಮಾತಿನ ಮೇಲೆ ಜೀವ ಹಿಡಿದಿದ್ದಾರೆ.

ಹೌದೋ ಇಲ್ಲವೋ, ಒಂದು ಪದ ಬರೆದು ಹಾಕಿ.

ನೇತ್ರಾವತಿ

•

ನಿಟ್ಟೂರು
27 ಮೇ 2024

ಮುತ್ತುರಾಜ್ ಅವರಿಗೆ,

ನಾನು ಕೇಳಿದ ಪದ ಬರಲಿಲ್ಲ. ನಿನ್ನೆಯ ಶೂಟಿಂಗಿಗೆ ಡೈರೆಕ್ಟರ್ ನಿಮ್ಮನ್ನೂ ಕರೆದಿದ್ದಾನೆ ಅಂತ ಕೇಳಿ, ಕ್ವಾರಿಯಲ್ಲಿ ಸಿಕ್ಕುತ್ತೀರಿ ಅಂದುಕೊಂಡಿದ್ದೆ.

ಬೆಳ್ಳಾವಿ ಕಡೆಯ ಆ ಹಳೇ ಕಲ್ಲು ಕ್ವಾರಿಯಲ್ಲಿ ಬಟ್ಟೆ ಹರಿದರೆ ಹೊಲಿಯಲು ಅಂತ ನನ್ನನ್ನು ಕಳಿಸಿದ್ದರು. ನಾನು ಸೈನಿಕನ ಅಕ್ಕ ಅಂತ ವೆಂಕಟಯ್ಯ ಡೈರೆಕ್ಟರಿಗೆ ಹೇಳಿಬಿಟ್ಟಿದ್ದ. "ನಿಮ್ಮ ತಂದೆಯೋರೇ ಬಂದು ಕ್ಲ್ಯಾಪ್ ಮಾಡ್ಬೇಕು" ಅಂತ ಮಲ್ಲಿಕಾರ್ಜುನ್ ಮನೆಗೇ ಕಾರು ಕಳಿಸಿದ. ಅಪ್ಪ ಇಸ್ತ್ರಿ ಹಾಕಿದ ಪಂಚೆ ಉಟ್ಟು, ದೊಣ್ಣೆ ಹಿಡಿದು ಹತ್ತಿಯೇಬಿಟ್ಟರು.

ಹಿಮಕ್ಕೆ ಉಪ್ಪು ಸುರಿದಿದ್ದರು. ಕಲ್ಲೆಲ್ಲ ಬೆಳ್ಳಗೆ ಕಾಣುತ್ತಿತ್ತು. ಎಲ್ಲಿಂದಲೋ ಒಂದು ಮಂದೆ ಆಡು ಬಂದು ನೆಕ್ಕಲು ಶುರು ಮಾಡಿದವು. ಲೈಟಿನವನೊಬ್ಬ "ಅಯ್ಯೋ ಓಡ್ಸ್ರೋ, ಹಿಮಾಲಯನೇ ನೆಕ್ಕೊಂಡ್ ಹೋಗ್ತಾವೆ" ಅಂತ ಕೂಗಿದ. ಅಪ್ಪ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿ ಎಷ್ಟು ಕಾಲವಾಯಿತೋ.

ಆಮೇಲಿನದು ನೀವೂ ನೋಡಿದ್ದೀರಿ. ಆ ಕಡೆಯವನ ವೇಷದ ನಟ ನಮ್ಮ ಸೈನಿಕನನ್ನು ಕೆಡವಿ ಎದೆಯ ಮೇಲೆ ಕೂತು ಚಾಕು ಎತ್ತಿದ. ಅಪ್ಪ ಯಾವಾಗ ಎದ್ದರೋ ಗೊತ್ತಿಲ್ಲ. ಮೊದಲನೇ ಏಟು ಅವನ ಕತ್ತಿನ ಹಿಂದೆ ಬಿತ್ತು. ಎರಡನೆಯದಕ್ಕೆ ಕಿವಿ ಹರಿಯಿತು. "ನನ್ ಮಗನ್ನ ಕೊಂದೋನು ನೀನೇ ಏನ್ಲಾ, ನೀನೇ ಏನ್ಲಾ" ಅಂತ ಕೂಗುತ್ತ ಹೊಡೆದರು. ಅವನು ಉರುಳಿ ಉಪ್ಪಿನ ಮೇಲೆ ಬಿದ್ದ. ಹರಿದ ಗಾಯಕ್ಕೆ ಉಪ್ಪು ಮೆತ್ತಿಕೊಂಡು ಅವನು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಬಿಳಿ ಉಪ್ಪು ಕೆಂಪಾಗುವುದು ಕಂಡೆ. ನಾನು ತಿಂಗಳುಗಟ್ಟಲೆ ಬಳಿದ ಬಣ್ಣ ಯಾವುದೂ ಅದಕ್ಕೆ ಸಮನಿರಲಿಲ್ಲ.

ಅವನ ಹೆಸರು ಅಡವಿಯಪ್ಪ, ಗುಬ್ಬಿಯವನು, ನಾಟಕ ಮಾಡಿಕೊಂಡಿದ್ದವನು. ತುಮಕೂರಿನಲ್ಲಿ ಕಿವಿಗೆ ಆರು ಹೊಲಿಗೆ ಹಾಕಿದರು. ಅಪ್ಪನೂ ಆಸ್ಪತ್ರೆಗೆ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದರು. ಅಡವಿಯಪ್ಪ ಹೊರಗೆ ಬಂದವನೇ "ಯಜಮಾನ್ರೇ, ಇಪ್ಪತ್ತು ವರ್ಷ ಕಂಸ ಮಾಡಿದೀನಿ, ದುರ್ಯೋಧನ ಮಾಡಿದೀನಿ. ಯಾವ ನನ್ಮಗನೂ ಇಷ್ಟ್ ನಂಬಿರ್ಲಿಲ್ಲ" ಅಂದ. ಅಪ್ಪ ತಮ್ಮ ನೀರಿನ ಬಾಟಲಿ ಅವನ ಕೈಗೆ ಕೊಟ್ಟರು.

ಸಂಜೆ ಬಟ್ಟೆ ಕಟ್ಟಿಡಲು ಕ್ವಾರಿಗೆ ಮರಳಿದೆ. ಅಪ್ಪ ಹೊಡೆಯುವಾಗ ಕ್ಯಾಮೆರಾ ಓಡುತ್ತಲೇ ಇತ್ತಂತೆ. "ಆ ಶಾಟ್ ಸಿನಿಮಾದಲ್ಲಿ ಇಟ್ಕೊಳ್ಳಲಾ ಮೇಡಂ" ಅಂತ ಮಲ್ಲಿಕಾರ್ಜುನ್ ಮೆಲ್ಲಗೆ ಕೇಳಿದ. ನಾನು ಕತ್ತರಿ ಕೈಯಲ್ಲಿ ಹಿಡಿದೇ ಅವನ ಮುಖ ನೋಡಿದೆ. ಅವನು ಎರಡನೇ ಸಲ ಕೇಳಲಿಲ್ಲ.

ನೀವು ಜನರೇಟರ್ ವ್ಯಾನಿನ ಹಿಂದೆ ನಿಂತಿದ್ದಿರಿ. ಅಪ್ಪ ಹೊಡೆಯಲು ಶುರು ಮಾಡಿದಾಗ ಎಲ್ಲರೂ ಈ ಕಡೆ ಓಡಿ ಬಂದರು. ನೀವೊಬ್ಬರೇ ಆ ಕಡೆ ಓಡಿದಿರಿ.

ನೇತ್ರಾವತಿ

•

ಕುಣಿಗಲ್
18 ಜೂನ್ 2024

ಅಕ್ಕನಿಗೆ,

ಇಲ್ಲ. ಅವನು ಓಡುತ್ತಿರಲಿಲ್ಲ. ಓಡಿದವನು ನಾನೊಬ್ಬನೇ.

ಇನ್ನು ನಿಲ್ಲಿಸದೆ ಬರೆಯುತ್ತೇನೆ. ನಿಲ್ಲಿಸಿದರೆ ಬರೆಯಲಾಗುವುದಿಲ್ಲ.

ನಮ್ಮ ಗಡಿ ಚೌಕಿಗೆ ರಾತ್ರಿ ಆ ಕಡೆಯ ಐದು ಜನ ನುಗ್ಗಿದ್ದರು. ಬೆಳಕು ಹರಿಯುವ ಹೊತ್ತಿಗೆ ಗುಂಡಿನ ಸದ್ದು ನಿಂತಿತು. ನಮ್ಮವರು ಇಬ್ಬರು ಸತ್ತಿದ್ದರು. ಒಬ್ಬನ ಹೊಟ್ಟೆ ತೆರೆದುಕೊಂಡಿತ್ತು. ಅದನ್ನು ಎರಡೂ ಕೈಯಿಂದ ಮುಚ್ಚಿಕೊಂಡು ಗೋಡೆಗೊರಗಿ ಕೂತೇ ಸತ್ತಿದ್ದ. ಅವನ ಕೈ ಬಿಡಿಸಿದವನು ನಾನು. ನನ್ನ ಮೈಯೆಲ್ಲ ಉರಿಯುತ್ತಿತ್ತು.

ಕೆಳಗಿನ ಕೊರಕಲಿನಲ್ಲಿ ಯಾರೋ ನರಳುತ್ತಿದ್ದರು. "ನಮ್ಮೋನೇ ಇರ್ಬೌದು ಕಣ್ಲಾ, ನೋಡ್ಕಂಡ್ ಬತ್ತೀನಿ" ಅಂತ ಅಶ್ವಥ್ ಇಳಿದ. ನಾನು ಮೇಲೆ ಬಂಡೆಯ ಹಿಂದೆ ರೈಫಲ್ ಹಿಡಿದು ಅವನಿಗೆ ಕಾವಲು ಕೂತೆ. ಮಂಜು ಬಂತು. ಐದು ನಿಮಿಷ ಏನೂ ಕಾಣಲಿಲ್ಲ. ಕೂಗುವ ಹಾಗಿಲ್ಲ, ಆ ಕಡೆಯವರು ಇನ್ನೂ ಎಷ್ಟು ಜನ ಉಳಿದಿದ್ದಾರೋ ಗೊತ್ತಿಲ್ಲ.

ಹಿಮದಲ್ಲಿ ನಾವು ಬಿಳಿ ಕೋಟು ಹಾಕುತ್ತಿದ್ದೆವು. ಅವತ್ತು ನುಗ್ಗಿದವರು ಕಂದು ಜರ್ಸಿಯಲ್ಲಿದ್ದರು. ಮಂಜು ಸರಿದಾಗ ಬಿಳಿ ಕೋಟಿನವನು ಅಂಗಾತ ಬಿದ್ದಿದ್ದ. ಕಂದು ಬಣ್ಣದವನೊಬ್ಬ ಅವನ ಮೇಲೆ ಬಗ್ಗಿದ್ದ. ಅವನ ಕೈ ಬಿದ್ದವನ ಬಾಯಿಯ ಹತ್ತಿರ ಇತ್ತು. ಅಶ್ವಥ್‌ನ ಬಾಯಿ ಒತ್ತಿ ಹಿಡಿದು ಕತ್ತು ಕೊಯ್ಯುತ್ತಿದ್ದಾನೆ ಅಂದುಕೊಂಡೆ. ಒಂದೇ ಗುಂಡು. ಅರವತ್ತು ಗಜ ದೂರ. ನನ್ನ ಗುರಿ ತಪ್ಪುತ್ತಿರಲಿಲ್ಲ ಅಂತ ಅವನೇ ಎಲ್ಲರ ಹತ್ತಿರ ಹೇಳಿಕೊಳ್ಳುತ್ತಿದ್ದ.

ಓಡಿ ಇಳಿದು ಬೋರಲು ಬಿದ್ದವನನ್ನು ಕಾಲಿನಿಂದ ಹೊರಳಿಸಿದೆ. ಕಾಲಿನಿಂದ, ಅಕ್ಕ. ಆಗ ನೀವು ಹೆಣೆದ ಸ್ವೆಟರಿನ ಕುತ್ತಿಗೆಯ ಪಟ್ಟಿ ಕಂಡಿತು. ಎದೆಯಿಂದ ಬಿಸಿ ಹಬೆ ಏಳುತ್ತಿತ್ತು. ಕಣ್ಣು ತೆರೆದಿದ್ದ. ನನ್ನನ್ನು ನೋಡಿ "ಯಾಕ್ಲಾ" ಅಂದ. ಅಷ್ಟೇ ಅಂದದ್ದು.

ಕೋಟಿನ ಕೆಳಗಿದ್ದವನು ಆ ಕಡೆಯವನು. ತೊಡೆಯ ಮೂಳೆ ಪ್ಯಾಂಟು ಹರಿದು ಹೊರಗೆ ಬಂದಿತ್ತು. ಚಳಿಗೆ ನಡುಗುತ್ತಿದ್ದವನಿಗೆ ಅಶ್ವಥ್ ತನ್ನ ಕೋಟು ಬಿಚ್ಚಿ ಹೊದಿಸಿ ನೀರು ಕುಡಿಸುತ್ತಿದ್ದ. ಕುಡಿದು ಮಿಕ್ಕ ನೀರು ಅವನ ಗಡ್ಡದಲ್ಲಿ ಇನ್ನೂ ಇಳಿಯುತ್ತಿತ್ತು. ಅವನು ನನ್ನ ಕಡೆ ನೋಡಿ "ಪಾನಿ" ಅಂದ.

ರೈಫಲ್ ತಿರುಗಿಸಿ ಹಿಡಿದು ಅದರ ಹಿಡಿಯಿಂದ ಅವನ ಬಾಯಿಗೆ ಹೊಡೆದೆ. ಹಲ್ಲು ಮುರಿದದ್ದು ಕೇಳಿಸಿತು. ಅವನು ಕೈ ಅಡ್ಡ ಹಿಡಿದ. ಬೆರಳು ಮುರಿದವು. ಕೈ ಬಿದ್ದ ಮೇಲೂ ಹೊಡೆದೆ. ಮುಖ ಅನ್ನುವುದು ಇಲ್ಲದಾದ ಮೇಲೂ ಹೊಡೆದೆ. ಕೊನೆಗೆ ಬರೀ ಹಿಮಕ್ಕೆ ಹೊಡೆಯುತ್ತಿದ್ದೆ.

ಕೋಟು ಎಳೆದು ಅಶ್ವಥ್‌ನ ಮೇಲೆ ಹಾಕಿದೆ. ಉಳಿದವರು ಬಂದಾಗ ಆ ಹೆಣ ತೋರಿಸಿ ಇವನೇ ಹೊಡೆದದ್ದು ಅಂದೆ. ಯಾರೂ ಇನ್ನೊಂದು ಮಾತು ಕೇಳಲಿಲ್ಲ. ನನ್ನ ಬೆನ್ನು ತಟ್ಟಿದರು.

ಮಲ್ಲಿಕಾರ್ಜುನ್ ಬಂದು "ಯುದ್ಧದಲ್ಲಿ ಒಳ್ಳೇದು ಏನಾದ್ರೂ ನೋಡಿದೀರಾ ಸಾರ್" ಅಂತ ಕೇಳಿದ. ಅವತ್ತು ನಾನು ಬೆರಳು ಒತ್ತದೆ ಇದ್ದಿದ್ದರೆ ಏನಾಗುತ್ತಿತ್ತೋ ಅದನ್ನು ಹೇಳಿದೆ.

ಮುತ್ತುರಾಜ್

•

ನಿಟ್ಟೂರು
29 ಜೂನ್ 2024

ಮುತ್ತುರಾಜ,

ನಿನ್ನ ಕಾಗದ ಓದಿದೆ. ಮೂರು ದಿನ ಕೆಲಸಕ್ಕೆ ಹೋಗಲಿಲ್ಲ. ನಾಲ್ಕನೇ ದಿನ ಹೋಗಿ ಬೆರಳಿಗೇ ಹೊಲಿಗೆ ಹಾಕಿಕೊಂಡೆ. ಸೂಜಿ ಉಗುರಿನಲ್ಲಿ ಹೊಕ್ಕು ಆಚೆ ಬಂತು. ವೆಂಕಟಯ್ಯ ಚಕ್ರ ಹಿಂದಕ್ಕೆ ತಿರುಗಿಸಿ ಬಿಡಿಸಿದ. ನಾನು ಕೂಗಲಿಲ್ಲ ಅಂತ ಅವನಿಗೆ ಗಾಬರಿ.

ನೀನು ಎದುರಿಗೆ ಇದ್ದಿದ್ದರೆ ಬಟ್ಟೆ ಕತ್ತರಿಸುವ ಆ ದೊಡ್ಡ ಕತ್ತರಿಯನ್ನು ನಿನ್ನ ಕತ್ತಿಗೆ ಹಾಕುತ್ತಿದ್ದೆ. ಎಲ್ಲಿಗೆ ಹಾಕಬೇಕು, ಎಷ್ಟು ಒತ್ತಬೇಕು ಎಲ್ಲ ಯೋಚಿಸಿದೆ. ನೋಟ್ ಬುಕ್ಕಿನಲ್ಲಿ ಅದನ್ನು ಬರೆದು ಹಾಳೆ ಹರಿದುಹಾಕಿದೆ. ಈಗ ನಿನಗೇ ಬರೆಯುತ್ತಿದ್ದೇನೆ. ಇದನ್ನು ಹರಿಯುವುದಿಲ್ಲ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಅವನು ಬಿಳಿ ಉಲ್ಲನ್ ಸ್ವೆಟರ್ ಕೇಳಿದ್ದ. "ಬಿಳೀದು ಬ್ಯಾಡ ಕಣೋ, ಎರಡ್ ದಿನಕ್ಕೆ ಕೊಳೆ ಕಾಣ್ತದೆ, ಅಲ್ಲಿ ಯಾರು ಒಗೀತಾರೆ" ಅಂತ ತುಮಕೂರಿಗೆ ಹೋಗಿ ಕಂದು ಬಣ್ಣದ ಉಲ್ಲನ್ ತಂದವಳು ನಾನು. ನೀನು ಒಂದು ಗುಂಡು ಹೊಡೆದೆ. ನಾನು ನಾಲ್ಕು ತಿಂಗಳು ಕೂತು ಹೆಣೆದೆ.

ಇನ್ನು ಬರೆಯಬೇಡ.

ನೇತ್ರಾವತಿ

•

ಕುಣಿಗಲ್
12 ಸೆಪ್ಟೆಂಬರ್ 2024

ಅಕ್ಕನಿಗೆ,

ಬರೆಯಬೇಡ ಅಂದಿರಿ. ಎರಡೂವರೆ ತಿಂಗಳು ಬರೆಯಲಿಲ್ಲ. ಇದೊಂದನ್ನು ಓದಿ ಹರಿದುಹಾಕಿ.

ಹಿರಿಯರ ಹಬ್ಬ ಬರುತ್ತಿದೆ. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ನಾನು ಎಲ್ಲಿದ್ದರೂ ಸತ್ತವರಿಗೆ ಎಡೆ ಇಡುತ್ತೇನೆ. ಒಂದು ಎಲೆ ಅಶ್ವಥ್‌ಗೆ, ಇನ್ನೊಂದು ಆ ಕೋಟಿನ ಕೆಳಗಿದ್ದವನಿಗೆ. ಹೋದ ವರ್ಷ ಊರಿನಲ್ಲಿ ಮೊದಲ ಸಲ ಇಟ್ಟಾಗ ನಮ್ಮವ್ವ ಕೊಲ್ಲಾಪುರಮ್ಮ ನೋಡಿದಳು. "ಇದ್ಯಾರಿಗ್ಲಾ ಇನ್ನೊಂದ್ ಎಲೆ? ನಮ್ಮಟ್ಟೀಲಿ ಸತ್ತೋರ್ನೆಲ್ಲ ಎಣಿಸಿದ್ದೀನಿ, ಇದು ಜಾಸ್ತಿ ಐತೆ" ಅಂದಳು. "ನಂಟ ಕಣವ್ವ" ಅಂದೆ. ಆದರೆ ಎಲೆಯ ಮೇಲೆ ಏನಿಡಬೇಕೋ ಗೊತ್ತಾಗುವುದಿಲ್ಲ. ಅವನಿಗೆ ಏನು ಇಷ್ಟವಿತ್ತೋ ಗೊತ್ತಿಲ್ಲ. ಅವನು ಕೇಳಿದ್ದೊಂದೇ ಗೊತ್ತು. ಒಂದು ಲೋಟ ನೀರು ಇಡುತ್ತೇನೆ.

ಈ ಸಲ ಅಮಾವಾಸ್ಯೆ ದಿನ ನಿಟ್ಟೂರಿಗೆ ಬರುತ್ತೇನೆ. ಅಪ್ಪನಿಗೆ ನಾನೇ ಹೇಳುತ್ತೇನೆ. ಅವರು ಏನು ಮಾಡಿದರೂ ಕೈ ಅಡ್ಡ ಇಡುವುದಿಲ್ಲ. ಬೇಡ ಅಂದರೆ ತಿಳಿಸಿ.

ಮುತ್ತುರಾಜ್

•

ನಿಟ್ಟೂರು
23 ಸೆಪ್ಟೆಂಬರ್ 2024

ಮುತ್ತುರಾಜ,

ಮಲ್ಲಿಕಾರ್ಜುನ್ ಬಂದಿದ್ದ. ಸಿನಿಮಾ ಮುಗಿದಿದೆಯಂತೆ. ಕೊನೆಯಲ್ಲಿ ಇಬ್ಬರೂ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ಹಿಮದಲ್ಲಿ ನಡೆದು ಹೋಗುತ್ತಾರಂತೆ. ಕೋಟು ಹೊದಿಸಿದವನು ಉಳಿಯಲಿಲ್ಲ, ತೂತು ಅವನ ಬೆನ್ನಿನಲ್ಲಿತ್ತು ಅಂದೆ. ಬೇರೇನೂ ಹೇಳಲಿಲ್ಲ. "ಬೆನ್ನಿಗೆ ಗುಂಡು ಬಿದ್ರೆ ಜನ ಒಪ್ಪಲ್ಲ ಮೇಡಂ" ಅಂದ. ನೀನು ಒಪ್ತೀಯಾ ಅಂದೆ. ಅವನು ಟೀ ಪೂರ್ತಿ ಕುಡಿಯದೆ ಎದ್ದು ಹೋದ. ಮಾರನೇ ದಿನ ಫೋನ್ ಮಾಡಿ, "ಬೆನ್ನಲ್ಲಿ ತೂತಿರೋ ಶರ್ಟ್ ಒಂದು ಬೇಕು" ಅಂದ. ಹೊಲಿದು ಕೊಟ್ಟಿದ್ದೇನೆ.

ಬಾ ಅಂತ ನಾನು ಅನ್ನುವುದಿಲ್ಲ. ಬೇಡ ಅಂತಲೂ ಅನ್ನುವುದಿಲ್ಲ. ಅಪ್ಪನ ದೊಣ್ಣೆ ಬಾಗಿಲ ಹಿಂದೆ ಇರುತ್ತದೆ. ನಾನು ಅದನ್ನು ಬಚ್ಚಿಡುವುದಿಲ್ಲ.

ನೇತ್ರಾವತಿ

•

ನಿಟ್ಟೂರು
8 ಅಕ್ಟೋಬರ್ 2024

ಮುತ್ತುರಾಜ,

ಮೂರನೇ ಏಟಿಗೆ ನೀನು ಬಿದ್ದೆ. ಆಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ. ಗೊತ್ತಿರಬೇಕು ಅಂತ ಬರೆಯುತ್ತಿದ್ದೇನೆ.

ನೀನು ಅಂಗಳದಲ್ಲಿ ನಿಂತು ಹೇಳುವಷ್ಟು ಹೊತ್ತೂ ಅಪ್ಪ ಎಲೆ ಒರೆಸುತ್ತಿದ್ದರು. ಒಂದೇ ಎಲೆಯನ್ನು ಒರೆಸುತ್ತಿದ್ದರು. "ನಾನೇ ಕಣಪ್ಪ ಹೊಡ್ದಿದ್ದು" ಅಂತ ನೀನು ಅಂದಾಗ ಎಲೆ ಕೆಳಗಿಟ್ಟು ಎದ್ದರು. ಮೊದಲನೇ ಏಟು ನಿನ್ನ ಭುಜಕ್ಕೆ. ಮೂಳೆ ಮುರಿದದ್ದು ನನಗೆ ಅಡುಗೆಮನೆ ಬಾಗಿಲಲ್ಲಿ ಕೇಳಿಸಿತು. ಎರಡನೆಯದು ಮಂಡಿಗೆ. ಮೂರನೆಯದು ತಲೆಗೆ. ನಾನು ತಡೆಯಲಿಲ್ಲ. ಇದನ್ನೂ ನೀನು ತಿಳಿದಿರಬೇಕು. ನಾನು ಚೊಂಬು ಹಿಡಿದು ನಿಂತು ನೋಡಿದೆ. ಮೊದಲ ಏಟಿಗೆ ನನಗೆ ಸಮಾಧಾನವಾಯಿತು. ಎರಡನೆಯದಕ್ಕೆ ಸ್ವಲ್ಪ. ಮೂರನೆಯದಕ್ಕೆ ಏನೂ ಆಗಲಿಲ್ಲ.

ಅಪ್ಪ ನಾಲ್ಕನೆಯದಕ್ಕೆ ದೊಣ್ಣೆ ಎತ್ತಿದ್ದರು. ಅಡವಿಯಪ್ಪ ಹಬ್ಬದ ಊಟಕ್ಕೆ ಬಂದಿದ್ದ. ಕಿವಿಗೆ ಹೊಲಿಗೆ ಬಿದ್ದಾಗಿನಿಂದ ಅವನು ಆಗಾಗ ಬಂದು ಅಪ್ಪನ ಜೊತೆ ಕೂತು ಹೋಗುತ್ತಾನೆ. ಹಿಂದಿನಿಂದ ಬಂದು ದೊಣ್ಣೆ ಹಿಡಿದುಕೊಂಡ. "ಸಾಕು ಯಜಮಾನ್ರೇ, ಇದ್ರ ರುಚಿ ನಂಗೊತ್ತು" ಅಂದ. ಅಪ್ಪ "ಬುಡ್ಲಾ" ಅಂದರು. ಅವನು ಬಿಡಲಿಲ್ಲ. ಅಪ್ಪನೇ ಬಿಟ್ಟರು. ನಿನ್ನ ಪಕ್ಕ ನೆಲದ ಮೇಲೆ ಕೂತರು. ನಿನ್ನ ತಲೆಯ ರಕ್ತ ಅವರ ಪಂಚೆಗೆ ಹತ್ತುತ್ತಿತ್ತು.

"ನೀರ್ ಕೊಡ್ತಿದ್ನಂತಾ ನಮ್ಮೈದ?" ಅಂತ ನನ್ನನ್ನು ಕೇಳಿದರು.

"ಹೂಂ ಕಣಪ್ಪ. ಕೋಟ್ ಬಿಚ್ಚಿ ಹೊದ್ದಿಸಿ ಕೊಡ್ತಿದ್ನಂತೆ."

"ಕುಡುದ್ನಾ ಅವ್ನು?"

"ಅರ್ಧ ಕುಡುದ್ನಂತೆ."

ಅಡವಿಯಪ್ಪ ಆಟೋ ತಂದು ನಿನ್ನನ್ನು ಮಲಗಿಸಿಕೊಂಡು ತುಮಕೂರಿಗೆ ಹೋದ. ನಾನು ಅಂಗಳ ತೊಳೆದೆ. ಅಪ್ಪ ತಲೆಗೆ ನೀರು ಹಾಕಿಕೊಂಡು ಬಂದು ಎಡೆ ಇಡಲು ಕೂತರು. ಒಂದು ಎಲೆ ಅಮ್ಮನಿಗೆ, ಒಂದು ಅಶ್ವಥ್‌ಗೆ. ಅವನ ಎಲೆಗೆ ಮುದ್ದೆ, ಕೋಳಿ ಸಾರು, ಒಂದು ಸಣ್ಣ ರಮ್ಮಿನ ಬಾಟಲಿ. ನಾನು ಏನೂ ಕೇಳದೆ ಮೂರನೇ ಎಲೆ ಹಾಕಿ ಒಂದು ಚೊಂಬು ನೀರಿಟ್ಟೆ. ಅಪ್ಪ ಅದನ್ನೇ ನೋಡಿದರು. ತೆಗಿ ಅನ್ನಲಿಲ್ಲ. ತಾವೇ ಕೈ ಚಾಚಿ ಅದಕ್ಕೊಂದು ಮುದ್ದೆ ಇಟ್ಟರು.

ನಮ್ಮಲ್ಲಿ ಸತ್ತವರನ್ನು ಹೆಸರು ಹಿಡಿದು ಕೂಗಿ ಊಟಕ್ಕೆ ಕರೆಯುವ ಪದ್ಧತಿ ನಿನಗೂ ಗೊತ್ತು. ಧೂಪ ಹಾಕಿ, "ರಂಗಲಕ್ಷ್ಮೀ, ಬಾರವ್ವ" ಅಂತ ಅಮ್ಮನನ್ನು ಕರೆದರು. "ಅಶ್ವಥಾ, ಬಾರಪ್ಪ" ಅಂದರು. ಅಲ್ಲಿಗೆ ನಿಂತರು.

"ಇವ್ನ ಹೆಸ್ರೇನಂತೆ?"

"ಗೊತ್ತಿಲ್ವಂತೆ ಕಣಪ್ಪ."

"ಹೆಸ್ರಿಲ್ದೆ ಕರುದ್ರೆ ಯಾವನ್ ಬತ್ತಾನೆ?"

ಸಾರು ಆರಿತು. ಧೂಪ ಆರಿತು, ನಾನು ಇನ್ನೊಂದು ಸಲ ಕೆಂಡ ತಂದು ಹಾಕಿದೆ. ಕೊನೆಗೆ ಅಪ್ಪ ಎದ್ದು ಹೊಸ್ತಿಲ ತನಕ ಹೋಗಿ, ಹೊರಗೆ ನೋಡಿಕೊಂಡು, ಊರವರಿಗೆಲ್ಲ ಕೇಳಿಸುವ ಹಾಗೆ ಕೂಗಿದರು.

"ನೀರ್ ಕೇಳ್ದೋನೇ, ಬಾರಪ್ಪ. ಮಿಕ್ಕಿದ್ದನ್ನ ಕುಡ್ಕಂಡ್ ಹೋಗು."

ಆಮೇಲೆ ಒಳಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದರು. ಎರಡು ದಿನ ಹಳಿಯ ಕಡೆ ಹೋಗಲಿಲ್ಲ. ಈಗ ಹೋಗುತ್ತಿದ್ದಾರೆ. ಬರುವ ಆಗಸ್ಟ್‌ನಲ್ಲಿ ಮೈಕು ಹಿಡಿದು ಏನು ಹೇಳುತ್ತಾರೋ ನನಗೆ ಗೊತ್ತಿಲ್ಲ.

ನಾನು ಮನಸ್ಸು ತಿಳಿ ಮಾಡಿಕೊಂಡಿದ್ದೇನೆ ಅಂತ ತಿಳಿಯಬೇಡ. ಕತ್ತರಿ ಕೈಗೆ ತೆಗೆದುಕೊಂಡಾಗಲೆಲ್ಲ ನಿನ್ನ ನೆನಪು ಬರುತ್ತದೆ. ಸ್ವೆಟರ್ ಒಗೆದು ಟ್ರಂಕಿನಲ್ಲೇ ಇಟ್ಟಿದ್ದೇನೆ. ತೂತು ಮುಚ್ಚಿಲ್ಲ.

ನಿನ್ನೆ ಊಟ ಮಾಡುತ್ತ ಅಪ್ಪ ತಟ್ಟೆಯಿಂದ ತಲೆ ಎತ್ತದೆ, "ಆ ಮುತ್ತನ ಭುಜ ಹೆಂಗೈತಂತೆ, ಬರ್ದು ಕೇಳು" ಅಂದರು. ನಾನಾಗಿ ಕೇಳುತ್ತಿರಲಿಲ್ಲ. ಅವರು ಹೇಳಿದರು ಅಂತ ಕೇಳುತ್ತಿದ್ದೇನೆ.

ಭುಜ ಹೇಗಿದೆ?

ನೇತ್ರಾವತಿ